ಮೇರಿಲ್ಯಾಂಡ್‌ನಲ್ಲಿ ಒಂದು ಶಾಲಾ ವರ್ಷ: ಕಾಗದಪತ್ರ, ಸೇವೆ, ಸುತ್ತಾಟ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಒಂದು ಶಾಲಾ ವರ್ಷ ಮುಗಿಸಿ ಈಗಷ್ಟೇ ವಾಪಸ್ ಬಂದಿದ್ದೇನೆ. 2025ರ ಆಗಸ್ಟ್‌ನಲ್ಲಿ ಹೋದವಳು 2026ರ ಜೂನ್‌ನಲ್ಲಿ ಮರಳಿದೆ. ಹೊರಡುವ ಮುಂಚೆ ಎಲ್ಲರೂ ವೀಸಾ, ಚಳಿ, ಊಟ ಅಂತಲೇ ಮಾತಾಡುತ್ತಿದ್ದರು. ಸ್ವಯಂಸೇವೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಅಲ್ಲಿ ನಾನು ನೋಡಿದ್ದರಲ್ಲಿ ಮನಸ್ಸಿನಲ್ಲಿ ಉಳಿದಿದ್ದು ಹೆಚ್ಚಾಗಿ ಸೇವೆಗೆ ಹೋದ ಜಾಗಗಳೇ. ಅದಕ್ಕೆ ಬೇಕಾದ ಅನುಮತಿ ಪತ್ರಗಳನ್ನು ಇಲ್ಲಿಂದಲೇ ಸಿದ್ಧ ಮಾಡಿಕೊಂಡು ಹೋದರೆ ಎಷ್ಟೋ ಓಡಾಟ ತಪ್ಪುತ್ತದೆ. ಮುಂದಿನ ಬ್ಯಾಚಿನಲ್ಲಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಹೈಸ್ಕೂಲ್ ಎಕ್ಸ್‌ಚೇಂಜಿಗೆ ಹೋಗುವವರಿಗೆ ಜೆ-1 ವೀಸಾ ಬೇಕು. ಅದಕ್ಕೆ ಆಧಾರ ಡಿಎಸ್-2019 ಅನ್ನುವ ಫಾರ್ಮ್. ನಮ್ಮನ್ನು ಕಳಿಸುವ ಕಾರ್ಯಕ್ರಮದ ಅಮೆರಿಕದ ಸಂಸ್ಥೆ ಅದನ್ನು ಕೊಡುತ್ತದೆ. ಅದು ಕೈಗೆ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಶುಲ್ಕ 220 ಡಾಲರ್, ವೀಸಾ ಶುಲ್ಕ 185 ಡಾಲರ್ ಕಟ್ಟಬೇಕು. ಎರಡೂ ಸೇರಿ ಆಗಿನ ದರದಲ್ಲಿ ಸುಮಾರು 35 ಸಾವಿರ ರೂಪಾಯಿ ಆಯಿತು. ಕೆಲವು ಸಂಸ್ಥೆಗಳು ಸೆವಿಸ್ ಶುಲ್ಕವನ್ನು ತಮ್ಮ ಶುಲ್ಕದಲ್ಲೇ ಸೇರಿಸಿರುತ್ತವೆ. ಎರಡು ಸಲ ಕಟ್ಟುವ ಮುಂಚೆ ಕೇಳಿ ನೋಡಿ.

ನಮ್ಮ ಫಾರ್ಮ್ ಬಂದ ಹೊತ್ತಿಗೆ ಸರಿಯಾಗಿ ದೊಡ್ಡ ಅಡ್ಡಿ ಎದುರಾಯಿತು. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ಮತ್ತು ಎಕ್ಸ್‌ಚೇಂಜ್ ವೀಸಾಗಳಿಗೆ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನೇ ನಿಲ್ಲಿಸಿತು. ಎಷ್ಟು ದಿನ ಅಂತ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ದಿನಾ ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ನೋಡುತ್ತಿದ್ದರು. ಅಮ್ಮ ಮಾತ್ರ, 'ಹೋಗೋದು ಇದ್ರೆ ಹೋಗ್ತಾಳೆ, ನೀವು ಮಲಗಿ' ಅನ್ನುತ್ತಿದ್ದರು. ಜೂನ್ ಮಧ್ಯದ ನಂತರ ಮತ್ತೆ ಶುರುವಾಯಿತು, ಆದರೆ ಹೊಸದೊಂದು ನಿಯಮ ಸೇರಿಕೊಂಡಿತ್ತು. ಅರ್ಜಿ ಹಾಕಿದವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಕಳೆದ 5 ವರ್ಷದಲ್ಲಿ ಬಳಸಿದ ಖಾತೆಗಳ ಹೆಸರನ್ನು ಅರ್ಜಿಯಲ್ಲಿ ಬರೆಯಬೇಕು. ಮರೆತುಹೋದ ಹಳೇ ಖಾತೆಗಳೂ ಇದರಲ್ಲಿ ಸೇರುತ್ತವೆ. ಅದಕ್ಕೇ ಮೊದಲೇ ಕೂತು ಪಟ್ಟಿ ಮಾಡಿಕೊಳ್ಳಿ.

ಸಂದರ್ಶನ ಚೆನ್ನೈನಲ್ಲಿ ಆಯಿತು. ಬೆರಳಚ್ಚು, ಫೋಟೊ ಒಂದು ಕಡೆ. ಸಂದರ್ಶನ ಇನ್ನೊಂದು ಕಡೆ, ಕಾನ್ಸುಲೇಟ್‌ನಲ್ಲಿ. ಒಳಗೆ ಫೋನ್ ಬಿಡುವುದಿಲ್ಲ. ಹಾಗಾಗಿ ಹೊರಗೆ ಎಲ್ಲಿ ಭೇಟಿಯಾಗಬೇಕು ಅಂತ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಬಿಸಿಲಲ್ಲಿ ನಿಂತ ಹೊತ್ತೇ ಜಾಸ್ತಿ, ಮಾತಾಡಿದ್ದು ಕೆಲವೇ ನಿಮಿಷ. ಯಾಕೆ ಹೋಗುತ್ತಿದ್ದೀಯ, ಅಲ್ಲಿ ಯಾರ ಮನೆಯಲ್ಲಿ ಇರುತ್ತೀಯ, ವಾಪಸ್ ಬಂದು ಏನು ಓದುತ್ತೀಯ, ಇಷ್ಟೇ.

ಆ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಾಗಿದ್ದೇ ಸಂದರ್ಶನದ ಹಿಂದಿನ ವಾರ. ನಿಯಮದ ಪ್ರಕಾರ ಹೋಸ್ಟ್ ಕುಟುಂಬ ಗೊತ್ತಾಗದೆ ಸಂಸ್ಥೆ ನಮ್ಮನ್ನು ವಿಮಾನ ಹತ್ತಿಸುವಂತಿಲ್ಲ. ಆಗಸ್ಟ್ 31ರೊಳಗೆ ಮನೆ ಸಿಗದಿದ್ದರೆ ಆ ವರ್ಷದ ಆಸೆ ಬಿಡಬೇಕು. ಆ ಮನೆಯಲ್ಲಿರುವ 18 ದಾಟಿದವರೆಲ್ಲರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ, ಅದಕ್ಕೆ ಸಮಯ ಹಿಡಿಯುತ್ತದೆ. ಹೋಸ್ಟ್ ಕುಟುಂಬಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಯಾರೋ ಗೊತ್ತಿಲ್ಲದ ಮನೆಯವರು ಹತ್ತು ತಿಂಗಳು ನಮಗೆ ಕೋಣೆ ಕೊಟ್ಟು, ಊಟ ಹಾಕಿ, ಕಾರಿನಲ್ಲಿ ಕರೆದುಕೊಂಡು ಓಡಾಡುತ್ತಾರೆ. ಅದು ನೆನಪಿದ್ದರೆ ಅಲ್ಲಿ ಹೇಗಿರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಲಸಿಕೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮೇರಿಲ್ಯಾಂಡ್‌ನ ಶಾಲೆಗಳು ಚಿಕನ್‌ಪಾಕ್ಸ್, ಮೆನಿಂಜೈಟಿಸ್, ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ) ಲಸಿಕೆಗಳ ದಾಖಲೆ ಕೇಳುತ್ತವೆ. ನಮ್ಮಲ್ಲಿ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡವರು ಕಮ್ಮಿ. ನನಗೆ ಕಷ್ಟ ಕೊಟ್ಟಿದ್ದು ಕ್ಷಯದ ಪರೀಕ್ಷೆ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ತೋಳು ಊದಿಕೊಂಡಿತು. ಮನೆಯಲ್ಲಿ ಎಲ್ಲರಿಗೂ ಗಾಬರಿ. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆಯಿಂದಲೂ ಹೀಗಾಗಬಹುದು ಅಂತ ಡಾಕ್ಟರ್ ಹೇಳಿದರು. ಇಗ್ರಾ ಅನ್ನುವ ರಕ್ತಪರೀಕ್ಷೆ ಇದೆ. ಬಿಸಿಜಿ ಹಾಕಿಸಿಕೊಂಡಿದ್ದರೂ ಅದರ ಫಲಿತಾಂಶ ತಪ್ಪುವುದಿಲ್ಲ. ಅದನ್ನು ಮಾಡಿಸಿದ ಮೇಲೆ ಏನೂ ಇಲ್ಲ ಅಂತ ಬಂತು. ನಿಮ್ಮ ಶಾಲೆ ಒಪ್ಪುವುದಾದರೆ ನೇರವಾಗಿ ರಕ್ತಪರೀಕ್ಷೆಯನ್ನೇ ಮಾಡಿಸಿ.

ಆಗಸ್ಟ್‌ನಲ್ಲಿ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಮೇರಿಲ್ಯಾಂಡ್‌ಗೆ ಅಂಟಿಕೊಂಡಿರುವ ರಾಜಧಾನಿ ವಾಷಿಂಗ್ಟನ್ ಹತ್ತಿರದ್ದು, ಟೆಕ್ಸಸ್‌ನ ಡಲ್ಲಾಸ್ ಅಲ್ಲ. ಟಿಕೆಟ್ ಮಾಡಿಸುವಾಗ ಈ ಎರಡು ಹೆಸರು ಬೆರೆಯದಂತೆ ನೋಡಿಕೊಳ್ಳಿ. ಡಿಎಸ್-2019 ಕೈಚೀಲದಲ್ಲೇ ಇರಲಿ, ಇಮಿಗ್ರೇಷನ್‌ನಲ್ಲಿ ಕೇಳುತ್ತಾರೆ.

ಮೇರಿಲ್ಯಾಂಡ್‌ನಲ್ಲಿ ಹೈಸ್ಕೂಲ್ ಮುಗಿಸುವ ಮಕ್ಕಳು ಸಮಾಜಸೇವೆ ಮಾಡಿರಲೇಬೇಕು. ಈ ನಿಯಮ ತಂದ ಮೊದಲ ರಾಜ್ಯ ಅದು. 75 ಗಂಟೆ ಆಗಬೇಕು. ನಮ್ಮಂಥ ಎಕ್ಸ್‌ಚೇಂಜ್ ಮಕ್ಕಳಿಗೆ ಹೈಸ್ಕೂಲ್ ಮುಗಿಸಿದ ಅಲ್ಲಿಯ ಪ್ರಮಾಣಪತ್ರ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಕಡ್ಡಾಯವೂ ಅಲ್ಲ. ಆದರೆ ತರಗತಿಯಲ್ಲಿ ಎಲ್ಲರೂ ಶನಿವಾರ ಎಲ್ಲಿಗೆ ಸೇವೆಗೆ ಹೋಗೋಣ ಅಂತ ಮಾತಾಡುತ್ತಿರುತ್ತಾರೆ. ಸ್ನೇಹಿತರು ಸಿಗುವುದೂ ಅಲ್ಲೇ. ನಾನು ಮೊದಲ ವಾರವೇ ಹೆಸರು ಕೊಟ್ಟೆ.

ಆಗ ಅಡ್ಡ ಬಂದಿದ್ದು ಸಹಿ. ಅನಾಕೋಸ್ಟಿಯಾ ನದಿ ದಂಡೆಯಲ್ಲಿ ಕಸ ಎತ್ತುವ ಕೆಲಸ ಇತ್ತು. 18 ತುಂಬದವರಿಗೆ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಹೋಸ್ಟ್ ಅಮ್ಮ ಸಹಿ ಹಾಕಿಕೊಟ್ಟರು. ಅದನ್ನು ಆ ಕೆಲಸ ನಡೆಸುವವರು ಒಪ್ಪಲಿಲ್ಲ. ಹೋಸ್ಟ್ ಕುಟುಂಬ ಕಾನೂನಿನ ಪ್ರಕಾರ ಪೋಷಕರಲ್ಲ, ಊರಿನಲ್ಲಿರುವ ಅಪ್ಪ ಅಮ್ಮನೇ ಸಹಿ ಹಾಕಬೇಕು ಅಂದರು. ಅಲ್ಲಿ ಶುಕ್ರವಾರ ಸಂಜೆ ಅಂದರೆ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಹಿಂದೆ ಹೋದ ಮೇಲೆ ಹತ್ತೂವರೆ. ಅಪ್ಪನನ್ನು ನಿದ್ದೆಯಿಂದ ಎಬ್ಬಿಸಿ, ಅವರು ಪ್ರಿಂಟ್ ಹಾಕಿಸಲು ಅಂಗಡಿ ತೆರೆಯುವ ತನಕ ಕಾದು, ಪತ್ರ ಬರುವಷ್ಟರಲ್ಲಿ ನದಿಯ ಕೆಲಸ ಮುಗಿದುಹೋಗಿತ್ತು. ಅವತ್ತು ಕೋಣೆಯಲ್ಲಿ ಕೂತು ಅತ್ತೆ. ಮನೆಯಿಂದ ಎಷ್ಟು ದೂರ ಇದ್ದೇನೆ ಅಂತ ಮೊದಲ ಸಲ ಗೊತ್ತಾಗಿದ್ದು ಅವತ್ತೇ.

ಆಮೇಲೆ ನಮ್ಮ ಸಂಸ್ಥೆಯ ಸ್ಥಳೀಯ ಸಂಯೋಜಕಿ ದಾರಿ ತೋರಿಸಿದರು. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಂದು ಪತ್ರ ಮಾಡಿಸಿದೆವು. ಶಾಲೆಯ ಪ್ರವಾಸ ಮತ್ತು ಸ್ವಯಂಸೇವೆಯ ಅರ್ಜಿಗಳಿಗೆ ನಮ್ಮ ಪರವಾಗಿ ಹೋಸ್ಟ್ ಕುಟುಂಬ ಸಹಿ ಹಾಕಬಹುದು ಅಂತ ಅದರಲ್ಲಿ ಬರೆದಿತ್ತು. ಹೆಚ್ಚಿನ ಕಡೆ ಅದನ್ನು ಒಪ್ಪಿದರು. ಒಪ್ಪದ ಕಡೆಗಾಗಿ ಅಪ್ಪನ ಫೋನಿನಲ್ಲೇ ಸಹಿ ಹಾಕಿ ಕಳಿಸುವ ಆ್ಯಪ್ ಹಾಕಿಸಿದೆ. ನೀವು ಈ ಎರಡನ್ನೂ ಹೊರಡುವ ಮುಂಚೆಯೇ ಮಾಡಿ. ಪತ್ರದ ಮಾತುಗಳನ್ನು ಸಂಸ್ಥೆಯವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಯಾಕೆಂದರೆ ಚಿಕಿತ್ಸೆಗೆ ಕೊಡುವ ಒಪ್ಪಿಗೆ ಪತ್ರ ಬೇರೆ, ಇದು ಬೇರೆ.

ಇನ್ನೊಂದು. ಹೈಸ್ಕೂಲ್ ಎಕ್ಸ್‌ಚೇಂಜಿನ ಜೆ-1 ವೀಸಾದಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಯಾವಾಗಲಾದರೂ ಒಮ್ಮೆ ಪಕ್ಕದ ಮನೆಯ ಹುಲ್ಲು ಕತ್ತರಿಸುವುದು, ಮಗು ನೋಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸೇವೆ ಅಂದರೆ ನಿಜಕ್ಕೂ ಸಂಬಳ ಇಲ್ಲದ, ಲಾಭಕ್ಕಲ್ಲದ ಸಂಸ್ಥೆಯ ಕೆಲಸ ಆಗಿರಬೇಕು. ನಮ್ಮ ಶಾಲೆಯಲ್ಲಿ ದೇವಸ್ಥಾನ, ಚರ್ಚಿನ ಧಾರ್ಮಿಕ ಕೆಲಸಗಳು ಗಂಟೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅನುಮಾನ ಇದ್ದರೆ ಮೊದಲೇ ಕೇಳಿ.

ಸೆಪ್ಟೆಂಬರ್ ಎಲ್ಲ ಸುತ್ತಾಟ. ವಾಷಿಂಗ್ಟನ್ ನೋಡುವವರಿಗೆ ಖರ್ಚು ಅಂದರೆ ರೈಲು ಮತ್ತು ಊಟ, ಅಷ್ಟೇ. ಹೆಚ್ಚಾಗಿ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಮೃಗಾಲಯಕ್ಕೂ ಉಚಿತ. ಆದರೆ ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂಗೆ ಸಮಯ ನಮೂದಿಸಿದ ಉಚಿತ ಪಾಸನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ವಾಷಿಂಗ್ಟನ್ ಸ್ಮಾರಕದ ಮೇಲೆ ಹತ್ತಲು 1 ಡಾಲರ್ ಕೊಟ್ಟು ಮೊದಲೇ ಟಿಕೆಟ್ ಮಾಡಿಸಬಹುದು. 555 ಅಡಿ ಎತ್ತರದ ಕಂಬ ಅದು. ಕೆಳಗಿನಿಂದ ನೋಡಿದರೆ ಸುಮಾರು 150 ಅಡಿಯಲ್ಲಿ ಕಲ್ಲಿನ ಬಣ್ಣ ಬದಲಾಗಿರುವುದು ಕಾಣುತ್ತದೆ. 1850ರ ದಶಕದಲ್ಲಿ ದುಡ್ಡಿಲ್ಲದೆ ಕೆಲಸ ನಿಂತು, ಅಂತರ್ಯುದ್ಧವೂ ಮುಗಿದ ಮೇಲೆ ಬೇರೆ ಕಲ್ಲಿನಿಂದ ಮುಂದುವರಿಸಿದರಂತೆ. ಅಮೆರಿಕದ ಸಂಸತ್ತು ಸೇರುವ ಕ್ಯಾಪಿಟಲ್ ಕಟ್ಟಡದ ಪ್ರವಾಸವೂ ಉಚಿತ. ಬ್ಯಾಗಿನಲ್ಲಿ ತಿಂಡಿ ಇದ್ದರೆ ಒಳಗೆ ಬಿಡುವುದಿಲ್ಲ, ನೀರಿನ ಬಾಟಲಿ ಖಾಲಿ ಇರಬೇಕು. ಮೆಟ್ರೊ ಒಳಗೂ ತಿನ್ನುವಂತಿಲ್ಲ. ನಾನು ಮನೆಯಿಂದ ಕಟ್ಟಿಕೊಂಡು ಹೋಗಿ ಮ್ಯೂಸಿಯಂಗಳ ನಡುವಿನ 'ನ್ಯಾಷನಲ್ ಮಾಲ್' ಅನ್ನುವ ಬಯಲಿನ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದೆ, ಮ್ಯೂಸಿಯಂ ಕೆಫೆಗಳು ನಮ್ಮ ಕೈಖರ್ಚಿಗೆ ದುಬಾರಿ. ಮೆಟ್ರೊಗೆ ಸ್ಮಾರ್‌ಟ್ರಿಪ್ ಕಾರ್ಡ್ 2 ಡಾಲರ್. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ. ವೀಟನ್ ನಿಲ್ದಾಣದ ಎಸ್ಕಲೇಟರ್ 230 ಅಡಿ ಉದ್ದ. ಮೇಲಿಂದ ನೋಡಿದರೆ ಕೊನೆ ಕಾಣುವುದಿಲ್ಲ.

ಒಬ್ಬಳೇ ರಾತ್ರಿ ತಂಗುವ ಪ್ರವಾಸ ಮಾಡುವಂತಿಲ್ಲ. ಬೇರೆ ರಾಜ್ಯಕ್ಕೆ ಹೋಗಬೇಕಾದರೂ ಸಂಸ್ಥೆಗೆ ಮೊದಲೇ ಅರ್ಜಿ ಕೊಡಬೇಕಿತ್ತು. ನಮ್ಮ ಸಂಸ್ಥೆಯಲ್ಲಿ ಉತ್ತರ ಬರಲು ಎರಡು ವಾರ ಹಿಡಿಯುತ್ತಿತ್ತು. ಹಬ್ಬದ ರಜೆಗೆ ಹೋಗುವುದಿದ್ದರೆ ತಿಂಗಳ ಮುಂಚೆಯೇ ಕೊಡಿ.

ಅಕ್ಟೋಬರ್ 1ಕ್ಕೆ ಎಲ್ಲ ಬದಲಾಯಿತು. ಬಜೆಟ್ ಒಪ್ಪಿಗೆಯಾಗದೆ ಅಮೆರಿಕದ ಕೇಂದ್ರ ಸರ್ಕಾರದ ಕೆಲಸ ನಿಂತಿತು. ಸ್ಮಿತ್ಸೋನಿಯನ್ ಮ್ಯೂಸಿಯಂಗಳು ಹಿಂದಿನ ಹಣದಲ್ಲಿ ಕೆಲವು ದಿನ ತೆರೆದಿದ್ದವು. ಅಕ್ಟೋಬರ್ 12ರಿಂದ ಅವೂ ಮುಚ್ಚಿದವು. ನಮ್ಮ ತರಗತಿಯ ಪ್ರವಾಸ ರದ್ದಾಯಿತು. ಬಯಲಿನಲ್ಲಿರುವ ಸ್ಮಾರಕಗಳನ್ನು ಮಾತ್ರ ನೋಡಬಹುದಿತ್ತು. ಆಗಲೇ ನಾನು ಫುಡ್ ಬ್ಯಾಂಕ್‌ಗೆ ಹೋಗಲು ಶುರು ಮಾಡಿದ್ದು.

ಫುಡ್ ಬ್ಯಾಂಕ್ ಅಂದರೆ ಜನ ಮತ್ತು ಅಂಗಡಿಗಳು ಕೊಟ್ಟ ಆಹಾರ ಸಂಗ್ರಹಿಸಿ, ಬೇಕಾದವರಿಗೆ ಉಚಿತವಾಗಿ ಹಂಚುವ ಜಾಗ. ಮುಂಭಾಗ ಮುಚ್ಚಿದ ಬೂಟು ಹಾಕಿರಬೇಕು, ಕೂದಲು ಕಟ್ಟಿರಬೇಕು. ಮೊದಲು ನನ್ನನ್ನು ಡಬ್ಬಿಗಳನ್ನು ವಿಂಗಡಿಸುವ ಮೇಜಿಗೆ ಹಾಕಿದರು. ಉಬ್ಬಿದ ಡಬ್ಬಿ, ತುಕ್ಕು ಹಿಡಿದದ್ದು, ಅಂಚಿನಲ್ಲಿ ಆಳವಾಗಿ ನೆಗ್ಗಿದ್ದು ಎಲ್ಲ ಕಸಕ್ಕೆ. ಡಬ್ಬಿಯ ಮೇಲಿನ ದಿನಾಂಕ ದಾಟಿದ ಮಾತ್ರಕ್ಕೆ ಎಸೆಯುವುದಿಲ್ಲ. ಹೆಚ್ಚಿನ ದಿನಾಂಕಗಳು ರುಚಿಯ ಗುಣಮಟ್ಟಕ್ಕೆ, ಸುರಕ್ಷತೆಗಲ್ಲ ಅಂತ ಅಲ್ಲಿನ ಹಿರಿಯ ಮಹಿಳೆ ಕೂತು ಹೇಳಿಕೊಟ್ಟರು. ಎಳೆ ಮಕ್ಕಳ ಹಾಲಿನ ಪುಡಿ ಮಾತ್ರ ಹಾಗಲ್ಲ. ಅದರ ಮೇಲೆ ದಿನಾಂಕ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮವೇ ಇದೆ. ದಿನಾಂಕ ದಾಟಿದರೆ ಕೊಡುವಂತಿಲ್ಲ.

ಅಕ್ಟೋಬರ್ ಕೊನೆಗೆ ಬಾಗಿಲ ಹೊರಗಿನ ಸಾಲು ಉದ್ದವಾಗುತ್ತ ಹೋಯಿತು. ಮೇರಿಲ್ಯಾಂಡ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರು ತುಂಬ ಜನ. ಸಂಬಳ ಇಲ್ಲದೆ ಕೆಲಸಕ್ಕೆ ಹೋಗುತ್ತಿದ್ದವರು, ಮನೆಯಲ್ಲೇ ಕೂತವರು ಎಲ್ಲ ಆ ಸಾಲಿನಲ್ಲಿದ್ದರು. ಕೆಲವರ ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ನವೆಂಬರ್ 1ಕ್ಕೆ ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ಹಣವೂ ನಿಂತಿತು. ಇಡೀ ದೇಶದಲ್ಲಿ ಆಗ ಸುಮಾರು 4 ಕೋಟಿ 20 ಲಕ್ಷ ಜನ ಅದನ್ನು ನಂಬಿದ್ದರು. ಅಮೆರಿಕದಲ್ಲಿ ಇಷ್ಟು ಜನ ಹೀಗಿದ್ದಾರೆ ಅನ್ನುವುದು ನನ್ನ ಕಲ್ಪನೆಯಲ್ಲೇ ಇರಲಿಲ್ಲ. ನನ್ನ ಅಪ್ಪನ ವಯಸ್ಸಿನ ಒಬ್ಬರು ಚೀಲ ತೆಗೆದುಕೊಳ್ಳುವಾಗ ತಲೆ ಎತ್ತಲಿಲ್ಲ. 'ನಾನು ಹೋದ ವರ್ಷ ಇಲ್ಲಿಗೆ ಡಬ್ಬಿ ಕೊಟ್ಟು ಹೋಗಿದ್ದೆ' ಅಂದರು. ಏನು ಹೇಳಬೇಕು ಅಂತ ತಿಳಿಯದೆ, 'ಅಕ್ಕಿ ಬೇಕಾ, ಪಾಸ್ತಾ ಬೇಕಾ?' ಅಂತ ಕೇಳಿದೆ. ಅಕ್ಕಿ ಅಂದರು. ದೊಡ್ಡ ಚೀಲವನ್ನೇ ಕೊಟ್ಟೆ.

ಸೇವೆಗೆ ಹೋಗುವವರಿಗೆ ಒಂದು ಮಾತು. ಅಂಥ ಜಾಗದಲ್ಲಿ ಫೋಟೊ ತೆಗೆಯಬೇಡಿ, ಸೆಲ್ಫಿಯೂ ಬೇಡ. ಹಿಂದೆ ನಿಂತವರ ಮುಖ ಬರುತ್ತದೆ. ನೆನಪಿಗೆ ಬೇಕಿದ್ದರೆ ಮನೆಗೆ ಬಂದು ಬರೆದಿಡಿ. ನಾನು ಬರೆದಿಟ್ಟಿದ್ದರಿಂದಲೇ ಇದೆಲ್ಲ ಈಗ ಹೇಳಲು ಆಗುತ್ತಿದೆ.

ಸರ್ಕಾರ ಮತ್ತೆ ತೆರೆದಿದ್ದು ನವೆಂಬರ್ 12ರ ರಾತ್ರಿ, 43 ದಿನಗಳ ನಂತರ. ಮ್ಯೂಸಿಯಂಗಳೂ ಒಂದೊಂದಾಗಿ ತೆರೆದವು. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿದ್ದು ಆಮೇಲೆ. ಪ್ರವಾಸಿಗರು ಮೇಲಿನ ಗ್ಯಾಲರಿಯಿಂದ ಓದುವ ಸಭಾಂಗಣ ನೋಡಿ ಬರುತ್ತಾರೆ. ಆದರೆ 16 ತುಂಬಿದವರು ಫೋಟೊ ಇರುವ ಗುರುತಿನ ಚೀಟಿ ತೋರಿಸಿ ಓದುಗರ ಕಾರ್ಡ್ ಮಾಡಿಸಬಹುದು, ದುಡ್ಡು ಕೊಡಬೇಕಾಗಿಲ್ಲ. ನಾನು ಪಾಸ್‌ಪೋರ್ಟ್ ತೋರಿಸಿ ಮಾಡಿಸಿದೆ. ಆ ಗ್ರಂಥಾಲಯಕ್ಕೆ ದೆಹಲಿಯಲ್ಲಿ ಒಂದು ಕಚೇರಿ ಇದೆ, 1962ರಿಂದ ಭಾರತದ ಭಾಷೆಗಳ ಪುಸ್ತಕ ಕೊಂಡು ಕಳಿಸುತ್ತಿದೆ. ಏಷ್ಯಾ ವಿಭಾಗದಲ್ಲಿ ಕೇಳಿ ಒಂದು ಕನ್ನಡ ಪುಸ್ತಕ ತರಿಸಿಕೊಂಡೆ. ಮೂರು ತಿಂಗಳು ಕಾಗದದ ಮೇಲೆ ಕನ್ನಡ ಕಂಡಿರಲಿಲ್ಲ. ಯಾವ ಪುಟ ತೆರೆದರೂ ಸರಿ, ಸುಮ್ನೆ ಓದುತ್ತ ಕೂತೆ. ಹೋಗುವವರು ಬೇಕಾದ ಪುಸ್ತಕವನ್ನು ಮೊದಲೇ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ ಬೇಡಿಕೆ ಹಾಕಿ. ಕೆಲವು ಪುಸ್ತಕ ದೂರದ ಗೋದಾಮಿನಿಂದ ಬರಬೇಕಾಗುತ್ತದೆ.

ಡಿಸೆಂಬರ್ ಮಧ್ಯದ ಒಂದು ಶನಿವಾರ ಆರ್ಲಿಂಗ್ಟನ್ ಸೈನಿಕರ ಸ್ಮಶಾನದಲ್ಲಿ ಸಮಾಧಿಗಳಿಗೆ ಹಸಿರು ಎಲೆಯ ಮಾಲೆ ಇಡುತ್ತಾರೆ. 4 ಲಕ್ಷಕ್ಕೂ ಹೆಚ್ಚು ಜನರ ಸಮಾಧಿ ಇರುವ ಜಾಗ. ಸಾವಿರಾರು ಜನ ಸ್ವಯಂಸೇವಕರು ಬರುತ್ತಾರೆ, ಹೆಸರು ಮೊದಲೇ ನೋಂದಾಯಿಸಬೇಕು. ಮೆಟ್ರೊದಲ್ಲೇ ಹೋಗಿ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಭದ್ರತಾ ತಪಾಸಣೆಯ ಸಾಲಿನಲ್ಲಿ ತುಂಬ ಹೊತ್ತು ನಿಲ್ಲಬೇಕು, ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಮಾಲೆ ಇಟ್ಟು ಕಲ್ಲಿನ ಮೇಲಿನ ಹೆಸರನ್ನು ಜೋರಾಗಿ ಓದಬೇಕು. ನಾನು ಇಟ್ಟ ಒಂದು ಕಲ್ಲಿನ ಮೇಲೆ ಹುಟ್ಟಿದ ವರ್ಷ, ಸತ್ತ ವರ್ಷ ಲೆಕ್ಕ ಹಾಕಿದರೆ 19 ವಯಸ್ಸು. ನನ್ನ ಅಣ್ಣನ ವಯಸ್ಸು. ಹೆಸರು ಓದುವಾಗ ನನ್ನ ಧ್ವನಿ ನಡುಗಿತು. ಪಕ್ಕದಲ್ಲಿದ್ದ ಹೋಸ್ಟ್ ಅಪ್ಪ ನನ್ನ ಜೊತೆ ಮತ್ತೊಮ್ಮೆ ಓದಿದರು.

ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ರಜಾ ದಿನವೇ, ಆದರೆ 1994ರ ಕಾನೂನು ಅದನ್ನು ಸೇವೆಯ ದಿನವನ್ನಾಗಿಯೂ ಮಾಡಿದೆ. ಬೆಳಗ್ಗೆ ಮಕ್ಕಳ ಪುಸ್ತಕ ವಿಂಗಡಿಸಿ, ಮಧ್ಯಾಹ್ನ ಕಿಂಗ್ ಸ್ಮಾರಕಕ್ಕೆ ಹೋದೆವು. 2011ರಲ್ಲಿ ತೆರೆದ, 30 ಅಡಿ ಎತ್ತರದ ಕಲ್ಲಿನ ಮೂರ್ತಿ. ಅದರ ವಿಳಾಸದ ಸಂಖ್ಯೆ 1964, ನಾಗರಿಕ ಹಕ್ಕುಗಳ ಕಾಯ್ದೆ ಬಂದ ವರ್ಷ. ಅಲ್ಲಿಂದ ಲಿಂಕನ್ ಸ್ಮಾರಕಕ್ಕೆ ನಡೆದೇ ಹೋಗಬಹುದು. 1963ರಲ್ಲಿ ಕಿಂಗ್ ನಿಂತು ಮಾತಾಡಿದ ಮೆಟ್ಟಿಲ ಮೇಲೆ ಅಕ್ಷರ ಕೆತ್ತಿದ್ದಾರೆ. ಜನ ಗಮನಿಸದೆ ತುಳಿದುಕೊಂಡು ಹೋಗುತ್ತಾರೆ, ಹುಡುಕಿ ನೋಡಿ.

ಮಾರ್ಚ್ ಕೊನೆಗೆ ವಾಷಿಂಗ್ಟನ್‌ನ ಟೈಡಲ್ ಬೇಸಿನ್ ಅನ್ನುವ ಕೊಳದ ಸುತ್ತ ಚೆರ್ರಿ ಹೂ. ಜಪಾನ್ 1910ರಲ್ಲಿ ಕಳಿಸಿದ ಮೊದಲ ಗಿಡಗಳಿಗೆ ಹುಳು ಹಿಡಿದಿದ್ದರಿಂದ ಸುಡಬೇಕಾಯಿತು. 1912ರಲ್ಲಿ ಮತ್ತೆ 3,020 ಗಿಡ ಕಳಿಸಿದರು. ಭಾನುವಾರ ಹೋದರೆ ಹೂವಿಗಿಂತ ಜನವೇ ಜಾಸ್ತಿ. ವಾರದ ದಿನ, ಬೆಳಗ್ಗೆ ಬೇಗ ಹೋಗಿ.

ಏಪ್ರಿಲ್‌ನಲ್ಲಿ ಕೊನೆಗೂ ಅನಾಕೋಸ್ಟಿಯಾ ನದಿಗೆ ಇಳಿದೆ. ಈ ಸಲ ಸಹಿ ಪತ್ರ ಸಿದ್ಧ ಇತ್ತು. ವಾಷಿಂಗ್ಟನ್‌ನಲ್ಲಿ 2010ರಿಂದ ಅಂಗಡಿಯ ಚೀಲಕ್ಕೆ 5 ಸೆಂಟ್ ಶುಲ್ಕ ಇದೆ, ಆ ಹಣದ ಹೆಚ್ಚಿನ ಪಾಲು ಈ ನದಿಯ ಸ್ವಚ್ಛತೆಗೆ ಹೋಗುತ್ತದೆ. ಚೀಲಗಳು ಕಮ್ಮಿ, ಪ್ಲಾಸ್ಟಿಕ್ ಬಾಟಲಿಗಳೇ ರಾಶಿ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸಿಕ್ಕಿಸಿಕೊಳ್ಳಿ. ಅಲ್ಲಿನ ಉಣ್ಣಿ (ಉಣುಗು) ಕಚ್ಚಿದರೆ ಲೈಮ್ ರೋಗ ಬರಬಹುದು. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಬೇಕು. ಮೂರು ಮೂರು ಎಲೆ ಇರುವ ಪಾಯ್ಸನ್ ಐವಿ ಗಿಡ ಮುಟ್ಟಿದರೆ ಚರ್ಮ ಬೊಬ್ಬೆ ಏಳುತ್ತದೆ.

ಮೇ ತಿಂಗಳಲ್ಲಿ ಮೇರಿಲ್ಯಾಂಡ್‌ನ ರಾಜಧಾನಿ ಅನಾಪೊಲಿಸ್ ಹತ್ತಿರ ಸಿಂಪಿ ಮರಿಗಳ ಕೆಲಸ. ಚೆಸಪೀಕ್ ಕೊಲ್ಲಿಯಲ್ಲಿ ಸಿಂಪಿಗಳು ತುಂಬ ಕಮ್ಮಿಯಾಗಿವೆ. ಜನ ತಮ್ಮ ದೋಣಿಕಟ್ಟೆಯಲ್ಲಿ ತಂತಿ ಪಂಜರ ಇಳಿಬಿಟ್ಟು, ಹಳೇ ಚಿಪ್ಪಿಗೆ ಅಂಟಿದ ಮರಿಗಳನ್ನು ಚಳಿಗಾಲವಿಡೀ ಬೆಳೆಸುತ್ತಾರೆ. ಆಮೇಲೆ ಹಿಡಿಯುವುದಕ್ಕೆ ನಿಷೇಧ ಇರುವ ಜಾಗದಲ್ಲಿ ನೀರಿಗೆ ಬಿಡುತ್ತಾರೆ. ಬೆಳೆದ ಒಂದು ಸಿಂಪಿ ದಿನಕ್ಕೆ 50 ಗ್ಯಾಲನ್ ತನಕ, ಅಂದರೆ ಸುಮಾರು 190 ಲೀಟರ್ ನೀರು ಸೋಸಬಲ್ಲದು. ನಾವು ಪಂಜರ ಎತ್ತಿ, ಕೆಸರು ತೊಳೆದು, ಮರಿಗಳನ್ನು ಬುಟ್ಟಿಗೆ ತುಂಬಿದೆವು. ಚಿಪ್ಪಿನ ಅಂಚು ಬ್ಲೇಡಿನಷ್ಟು ಚೂಪು, ಬಟ್ಟೆಯ ಕೈಗವಸು ಸಾಲದು, ರಬ್ಬರಿನದು ದಪ್ಪ ಇರಬೇಕು. ಕೆಲಸ ಮುಗಿದ ಮೇಲೆ ಅನಾಪೊಲಿಸ್‌ನ ಶಾಸನಸಭೆ ನೋಡಿದೆವು. 1783ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇನಾಪತಿಯ ಹುದ್ದೆ ಬಿಟ್ಟುಕೊಟ್ಟ ಕೋಣೆ ಅಲ್ಲಿದೆ. ಕೆಸರಿನ ಬಟ್ಟೆಯಲ್ಲೇ ಹೋಗಿದ್ದೆವು, ಕಾವಲಿನವರು ನಗುತ್ತ ಒಳಗೆ ಬಿಟ್ಟರು.

ಹೊರಡುವ ಮುಂಚಿನ ಕೆಲಸಗಳು ಕೊನೆಯ ವಾರಕ್ಕೆ ಬೇಡ. ಅಂಕಪಟ್ಟಿಯನ್ನು ಶಾಲೆಯ ಮುದ್ರೆ ಹಾಕಿದ ಮುಚ್ಚಿದ ಲಕೋಟೆಯಲ್ಲಿ ಎರಡು ಪ್ರತಿ ತೆಗೆದುಕೊಳ್ಳಿ. ಸೇವೆಯ ಗಂಟೆಗಳಿಗೆ ಪ್ರತಿ ಸಂಸ್ಥೆಯ ಮೇಲ್ವಿಚಾರಕರ ಸಹಿ ಬೇಕು, ಕೆಲಸ ಮುಗಿದ ದಿನವೇ ಹಾಕಿಸಿಕೊಳ್ಳಿ. ಅಲ್ಲಿ ಹಾಕಿಸಿಕೊಂಡ ಲಸಿಕೆಯ ದಾಖಲೆಯನ್ನೂ ತನ್ನಿ. ಜೂನ್ ಮಧ್ಯದಲ್ಲಿ ಶಾಲೆ ಮುಚ್ಚಿದ ಮೇಲೆ ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ. ನನ್ನ ಜೊತೆ ಹೋಗಿದ್ದ ಹುಡುಗನೊಬ್ಬ ತನ್ನ ಅಂಕಪಟ್ಟಿಗಾಗಿ ಈಗಲೂ ಇಮೇಲ್ ಕಳಿಸುತ್ತಿದ್ದಾನೆ.